ಸುಟ್ಟ ಕಸ ಎಲ್ಲಿ ಹೋಗುತ್ತದೆ?

ಅಗ್ನಿಗೆ ನಮ್ಮ ಹಿರಿಯರು ಕೊಟ್ಟಿರುವ ಹಲವು ಹೆಸರುಗಳಲ್ಲಿ 'ಪಾವಕ' ಎಂಬುದೂ ಒಂದು. ಪಾವನಗೊಳಿಸುವವನು, ಶುದ್ಧಿಮಾಡುವವನು ಎಂದು ಅದರ ಅರ್ಥ. ಹಿತ್ತಲಿನಲ್ಲಿ ಕಸವನ್ನು ಗುಡ್ಡೆಹಾಕಿ ಕಡ್ಡಿ ಗೀರುವ ನಮಗೆಲ್ಲರಿಗೂ ಈ ಹೆಸರಿನಲ್ಲಿ ಪೂರ್ಣ ನಂಬಿಕೆಯುಂಟು. ಅರ್ಧ ಗಂಟೆಯಲ್ಲಿ ಗುಡ್ಡೆ ಕರಗಿ ಹಿಡಿ ಬೂದಿ ಉಳಿಯುತ್ತದೆ. ಕಸ ಸುಟ್ಟುಹೋಯಿತು ಎನ್ನುತ್ತೇವೆ. ಈ 'ಹೋಯಿತು' ಎಂಬ ಮಾತನ್ನು ನಾವು ಸ್ವಲ್ಪ ಪರೀಕ್ಷಿಸಬೇಕಾಗಿದೆ. ಹೋದುದು ಎಲ್ಲಿಗೆ?

2025ನೆಯ ಇಸವಿಯ ಮೊದಲ ವಾರದಲ್ಲಿ ಮಧ್ಯಪ್ರದೇಶದ ಪೀಥಂಪುರವೆಂಬ ಊರಿನ ಜನರು ಈ ಪ್ರಶ್ನೆಯನ್ನೇ ಕೇಳಿದರು. 1984ರ ಡಿಸೆಂಬರ್ 2ರ ರಾತ್ರಿ, ಬೆಳಗಾದರೆ 3ನೆಯ ತಾರೀಖು, ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಾನಿಲವು ಹೊರಬಿದ್ದು ಸಾವಿರಾರು ಜನರನ್ನು ಕೊಂದ ಕಥೆಯನ್ನು ವಾಚಕರು ಬಲ್ಲರು. ಕಾರ್ಖಾನೆಯ ಬಾಗಿಲು ಮುಚ್ಚಿತು. ಆದರೆ ಅರೆತಯಾರಾದ ಕೀಟನಾಶಕ, ರಾಸಾಯನಿಕಗಳ ಗಸಿ, ವಿಷ ಹೀರಿದ ಮಣ್ಣು ಮುಂತಾದುವೆಲ್ಲ ಸೇರಿ 337 ಟನ್ ತ್ಯಾಜ್ಯವು ಆ ಆವರಣದಲ್ಲಿಯೇ ಉಳಿಯಿತು. ಅದರಲ್ಲಿ ಸುಮಾರು ಅರ್ಧಭಾಗ ಮಣ್ಣು. ಅದನ್ನು ಜರ್ಮನಿಗೆ ಸಾಗಿಸಿ ಸುಡಿಸುವ ಮಾತುಕತೆ ನಡೆದು 2012ರಲ್ಲಿ ಮುರಿದುಬಿತ್ತು. 2024ರ ಡಿಸೆಂಬರ್‌ನಲ್ಲಿ ರಾಜ್ಯದ ಹೈಕೋರ್ಟು ಕಟ್ಟಪ್ಪಣೆ ಮಾಡಿದ ಮೇಲೆ, 2025ರ ಹೊಸವರ್ಷದ ರಾತ್ರಿ, ಮೊಹರು ಮಾಡಿದ 12 ಪೆಟ್ಟಿಗೆಗಳಲ್ಲಿ ಆ ತ್ಯಾಜ್ಯವು ಭೋಪಾಲವನ್ನು ಬಿಟ್ಟು ಸುಮಾರು 250 ಕಿಲೊಮೀಟರ್ ದೂರದ ಪೀಥಂಪುರದ ಕುಲುಮೆಯ ಕಡೆಗೆ ಹೊರಟಿತು.

ಪೀಥಂಪುರದಲ್ಲಿ ಕೋಲಾಹಲವೆದ್ದಿತು. ಅಂಗಡಿಗಳು ಮುಚ್ಚಿದುವು, ಜನರು ಬೀದಿಗಿಳಿದರು, ಪ್ರತಿಭಟನೆಯಲ್ಲಿ ಇಬ್ಬರು ಮೈಸುಟ್ಟುಕೊಂಡು ಆಸ್ಪತ್ರೆ ಸೇರಿದರು. ಅವರ ಭಯವು ಸರಳವಾದುದು: ಭೋಪಾಲದ ನೆಲದಲ್ಲಿ ನಲವತ್ತು ವರ್ಷ ಮಲಗಿದ್ದ ವಿಷವು ಬೆಂಕಿಗೆ ಬಿದ್ದರೆ ನಾಶವಾಗುವುದೋ, ಅಥವಾ ಹೊಗೆಯಾಗಿ ತಮ್ಮ ಮಕ್ಕಳ ಮೂಗನ್ನು ಸೇರುವುದೋ? ಈ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ಪ್ರಶ್ನೆಯು ನ್ಯಾಯವಾದುದು, ಉತ್ತರವು ಕುಲುಮೆಯನ್ನು ಹೇಗೆ ಕಟ್ಟಿದ್ದಾರೆ, ಹೇಗೆ ನಡೆಸುತ್ತಾರೆ ಎಂಬುದನ್ನು ಅವಲಂಬಿಸಿದೆ.

ಕೊನೆಗೆ ನ್ಯಾಯಾಲಯದ ನಿಗಾದಲ್ಲಿ ಆ ತ್ಯಾಜ್ಯವನ್ನು ಸುಟ್ಟರು. ಫೆಬ್ರವರಿಯ ಕೊನೆಯಿಂದ ಮಾರ್ಚಿಯವರೆಗೆ 10 ಟನ್ನಿನಂತೆ ಮೂರು ಪರೀಕ್ಷಾ ದಹನಗಳು ನಡೆದುವು. ಮೊದಲನೆಯದರಲ್ಲಿ ಗಂಟೆಗೆ 135, ಎರಡನೆಯದರಲ್ಲಿ 180, ಮೂರನೆಯದರಲ್ಲಿ 270 ಕಿಲೊಗ್ರಾಂ. ಉಳಿದ 307 ಟನ್ನುಗಳನ್ನು ಮೇ 5ರಿಂದ ಜೂನ್ ಕೊನೆಯವರೆಗೆ, ಗಂಟೆಗೆ 270 ಕಿಲೊಗ್ರಾಂ ಮೀರದಂತೆ ಉರಿಸಿದರು. ಭಾಗಿಸಿ ನೋಡಿದರೆ ಎಡೆಬಿಡದೆ ಉರಿದರೂ 1,137 ಗಂಟೆ, ಎಂದರೆ 47 ದಿನಗಳು ಬೇಕು. ಲಾರಿಗಟ್ಟಲೆ ಕಸವನ್ನು ಒಂದೇ ದಿನ ಬೆಂಕಿಗೆ ನೂಕದೆ ಹೀಗೆ ಅಳೆದು ಉಣಿಸುವುದೇಕೆ? ಇನ್ನೂ ವಿಚಿತ್ರವಾದುದು ಬೇರೆ ಇದೆ. ಸುಟ್ಟದ್ದು 337 ಟನ್. ಉಳಿದ ಬೂದಿ ಮತ್ತು ಗಸಿ 800 ಟನ್ನಿಗಿಂತಲೂ ಹೆಚ್ಚು! ಈ ಎರಡು ಅಂಕೆಗಳನ್ನು ತರಗತಿಯ ಹಲಗೆಯ ಮೇಲೆ ಬರೆದಾಗ ನಮ್ಮ ವಿದ್ಯಾರ್ಥಿಗಳು, ಮೇಷ್ಟರು ಸೊನ್ನೆಯನ್ನು ತಪ್ಪಾಗಿ ಹಾಕಿದರೆಂದು ನಕ್ಕರು. ಸೊನ್ನೆ ತಪ್ಪಲ್ಲ. ಈ ಒಗಟನ್ನು ಬಿಡಿಸುವುದೇ ಈ ಲೇಖನದ ಉದ್ದೇಶ.

ಬೆಂಕಿಗೆ ಆಗುವುದು, ಆಗದಿರುವುದು

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಲವಾಸಿಯೇ ತಕ್ಕಡಿಯನ್ನು ಮುಂದಿಟ್ಟುಕೊಂಡು ತೋರಿಸಿದ ಸತ್ಯವೊಂದುಂಟು: ದಹನದಲ್ಲಿ ದ್ರವ್ಯವು ಸೃಷ್ಟಿಯಾಗುವುದಿಲ್ಲ, ನಾಶವಾಗುವುದೂ ಇಲ್ಲ. ಸುಡುವುದೆಂದರೆ ವಸ್ತುವಿನ ಅಣುಗಳು ಒಡೆದು, ಅವುಗಳ ಪರಮಾಣುಗಳು ಗಾಳಿಯ ಆಮ್ಲಜನಕದೊಡನೆ ಹೊಸ ನಂಟನ್ನು ಬೆಳೆಸುವುದು. ಇಂಗಾಲವು ಇಂಗಾಲದ ಡೈಆಕ್ಸೈಡ್ ಆಗುತ್ತದೆ, ಜಲಜನಕವು ನೀರಾವಿಯಾಗುತ್ತದೆ. ಅಣು ಎಷ್ಟೇ ವಿಷಮಯವಾಗಿರಲಿ, ಅದರಲ್ಲಿ ಇಂಗಾಲ, ಜಲಜನಕ, ಆಮ್ಲಜನಕಗಳು ಮಾತ್ರ ಇದ್ದು ಬೆಂಕಿಯು ಪೂರ್ಣವಾಗಿ ಕೆಲಸಮಾಡಿದರೆ, ಉಳಿಯುವುದು ನಾವು ಉಸಿರಾಡಿ ಹೊರಬಿಡುವ ಪದಾರ್ಥಗಳೇ. ಆಗ ಪಾವಕನೆಂಬ ಹೆಸರು ಸಾರ್ಥಕ.

ಆದರೆ ಕಸದಲ್ಲಿ ಇವಿಷ್ಟೇ ಇರುವುದಿಲ್ಲ. ಪಿ.ವಿ.ಸಿ. ಕೊಳವೆಯಲ್ಲಿಯೂ ಅನೇಕ ಕೀಟನಾಶಕಗಳಲ್ಲಿಯೂ ಕ್ಲೋರೀನ್ ಇದೆ. ರಬ್ಬರಿನಲ್ಲಿ ಗಂಧಕವಿದೆ. ಹಳೆಯ ಉಷ್ಣಮಾಪಕದಲ್ಲಿ ಪಾದರಸ, ಬ್ಯಾಟರಿಯಲ್ಲಿ ಸೀಸ, ಕ್ಯಾಡ್ಮಿಯಂ. ಬೆಂಕಿಯು ಸಂಯುಕ್ತವನ್ನು ಒಡೆಯಬಲ್ಲುದು, ಮೂಲವಸ್ತುವನ್ನು ಒಡೆಯಲಾರದು. ಕ್ಲೋರೀನ್ ಒಲೆಯನ್ನು ಹೊಕ್ಕರೆ ಕ್ಲೋರೀನಾಗಿಯೇ ಹೊರಗೆ ಬರಬೇಕು, ಬಹುಪಾಲು ಜಲಜನಕದ ಜೊತೆಗೂಡಿ ಹೈಡ್ರೊಜನ್ ಕ್ಲೋರೈಡ್ ಎಂಬ ಆಮ್ಲಾನಿಲವಾಗಿ. ಗಂಧಕವು ಗಂಧಕದ ಡೈಆಕ್ಸೈಡ್ ಆಗಿ ಬರುತ್ತದೆ. 357 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುವ ಪಾದರಸವು ಆವಿಯಾಗಿ ಹೊಗೆಯ ಬೆನ್ನೇರುತ್ತದೆ. ಆದುದರಿಂದ ಕಸವನ್ನು ಸುಡುವವರ ಕೆಲಸದಲ್ಲಿ ಎರಡು ಭಾಗಗಳಿವೆ: ಒಡೆಯಬಲ್ಲುದನ್ನು ಪೂರ್ತಿಯಾಗಿ ಒಡೆಯುವುದು, ಒಡೆಯಲಾಗದುದನ್ನು ಗಾಳಿಗೆ ಸೇರುವ ಮೊದಲೇ ಹಿಡಿಯುವುದು.

ಶಾಖ, ಸಮಯ, ಕಲಕಾಟ

ಮೊದಲನೆಯ ಭಾಗವನ್ನು ನೋಡೋಣ. ದಹನವು ಪೂರ್ತಿಯಾಗಬೇಕಾದರೆ ಗಾಳಿಯು ಧಾರಾಳವಾಗಿರುವುದಲ್ಲದೆ ಮೂರು ಅನುಕೂಲಗಳು ಒದಗಬೇಕು: ಸಾಕಷ್ಟು ಉಷ್ಣತೆ, ಸಾಕಷ್ಟು ಕಾಲಾವಕಾಶ, ಮತ್ತು ಅನಿಲಗಳು ಗಾಳಿಯೊಡನೆ ಚೆನ್ನಾಗಿ ಬೆರೆಯುವಂತೆ ಕಲಕಾಟ. ಹಳ್ಳಿಯ ಒಲೆಯ ಮುಂದೆ ಕುಳಿತು ಊದುಗೊಳವೆಯಿಂದ ಊದುವ ತಾಯಿಗೆ ಈ ತತ್ವವು ಗೊತ್ತು. ಹಸಿ ಸೌದೆ ಕಪ್ಪು ಹೊಗೆಯುಗುಳುತ್ತದೆ. ಊದಿದೊಡನೆ ಹೊಗೆಯೇ ಹೊತ್ತಿಕೊಂಡು ಜ್ವಾಲೆಯಾಗುತ್ತದೆ. ಹೊಗೆಯೆಂದರೆ ಬೇರೇನೂ ಅಲ್ಲ, ಸುಡದೆ ಉಳಿದ ಸೌದೆ.

ಆಧುನಿಕ ಕುಲುಮೆಯಲ್ಲಿ ಇದಕ್ಕಾಗಿಯೇ ಎರಡು ಕೋಣೆಗಳನ್ನು ಕಟ್ಟುತ್ತಾರೆ. ಮೊದಲನೆಯದರಲ್ಲಿ ಕಸವು ಉರಿದು ಅನಿಲಗಳಾಗುತ್ತದೆ. ಎರಡನೆಯದರಲ್ಲಿ ಆ ಅನಿಲಗಳನ್ನೇ ಮತ್ತೊಮ್ಮೆ ಸುಡುತ್ತಾರೆ. ಯುರೋಪಿನ ದೇಶಗಳು 2000ನೆಯ ಇಸವಿಯಲ್ಲಿ ಮಾಡಿಕೊಂಡ ನಿಯಮದ ಪ್ರಕಾರ ಅನಿಲಗಳು 850 ಡಿಗ್ರಿಗೆ ಕಡಮೆಯಿಲ್ಲದ ಉಷ್ಣತೆಯಲ್ಲಿ ಎರಡು ಸೆಕೆಂಡುಗಳಾದರೂ ಇರಬೇಕು. ಅಪಾಯಕಾರಿ ತ್ಯಾಜ್ಯದಲ್ಲಿ ಕ್ಲೋರೀನಿನಂಥ ಹ್ಯಾಲೊಜನ್ನುಗಳುಳ್ಳ ಸಾವಯವ ಪದಾರ್ಥವು ನೂರಕ್ಕೆ ಒಂದು ಪಾಲನ್ನು ಮೀರಿದರೆ 1,100 ಡಿಗ್ರಿ ಬೇಕು. ನಮ್ಮ ದೇಶದ ಆಸ್ಪತ್ರೆಗಳ ತ್ಯಾಜ್ಯವನ್ನು ಸುಡುವ ಕುಲುಮೆಗಳಿಗೆ 2016ರ ನಿಯಮಗಳು ಎರಡನೆಯ ಕೋಣೆಯಲ್ಲಿ 1,050 ಡಿಗ್ರಿಯನ್ನು, 50 ಡಿಗ್ರಿ ಹೆಚ್ಚುಕಡಮೆಯ ಅವಕಾಶದೊಡನೆ, ಗೊತ್ತುಮಾಡಿದುವು; ಅಲ್ಲಿಯೂ ಎರಡು ಸೆಕೆಂಡುಗಳ ವಾಸ.

ಎರಡು ಸೆಕೆಂಡು ಎಂದರೆ ಅಲ್ಪವೆಂದು ತೋರಬಹುದು. ಲೆಕ್ಕ ಹಾಕಿದರೆ ಅದರ ಬೆಲೆ ತಿಳಿಯುತ್ತದೆ. ಒತ್ತಡವು ಬದಲಾಗದಿದ್ದರೆ ಅನಿಲದ ಗಾತ್ರವು ನಿರಪೇಕ್ಷ ಉಷ್ಣತೆಯನ್ನು ಅನುಸರಿಸುತ್ತದೆಂದು ನಾವು ಕಲಿತಿದ್ದೇವೆ. ಸೊನ್ನೆ ಡಿಗ್ರಿಯೆಂದರೆ ನಿರಪೇಕ್ಷ ಮಾನದಲ್ಲಿ 273. 1,100 ಡಿಗ್ರಿಯೆಂದರೆ 1,373. ಎಂದರೆ ತಣ್ಣಗಿದ್ದಾಗ ಒಂದು ಘನಮೀಟರಿನಷ್ಟಿದ್ದ ಅನಿಲವು ಕುಲುಮೆಯಲ್ಲಿ ಐದು ಘನಮೀಟರಾಗಿ ಉಬ್ಬುತ್ತದೆ. ಉಬ್ಬಿದ ಅನಿಲವು ಅದೇ ಕೋಣೆಯ ಮೂಲಕ ಐದುಪಟ್ಟು ಅವಸರದಿಂದ ಓಡುತ್ತದೆ. ಕಸವನ್ನು ಹೆಚ್ಚು ಹೆಚ್ಚಾಗಿ ನೂಕಿದಷ್ಟೂ ಹುಟ್ಟುವ ಅನಿಲ ಹೆಚ್ಚು, ಓಟ ಹೆಚ್ಚು, ಒಳಗೆ ನಿಲ್ಲುವ ಕಾಲ ಕಡಮೆ. ಗಂಟೆಗೆ 270 ಕಿಲೊಗ್ರಾಮಿನ ಮಿತಿಗೆ ಒಂದು ಕಾರಣ ಇಲ್ಲಿದೆ. ಇನ್ನೊಂದು ಕಾರಣ ಮುಂದೆ ಬರುತ್ತದೆ.

ಉಷ್ಣತೆಯನ್ನು ಕಾಪಾಡುವುದಕ್ಕೆ ನಮ್ಮ ನಾಡಿನಲ್ಲಿ ದೊಡ್ಡ ಶತ್ರುವೆಂದರೆ ನೀರು. ಒಂದು ಗ್ರಾಂ ನೀರನ್ನು ಆವಿಯಾಗಿಸಲು ಸುಮಾರು 540 ಕ್ಯಾಲೊರಿ ಶಾಖ ಬೇಕೆಂಬುದು ಗುಪ್ತೋಷ್ಣದ ಪಾಠ. ಒಂದು ಕಿಲೊ ಕಸದಲ್ಲಿ ಅರ್ಧ ನೀರೇ ಇದ್ದರೆ, ಅದನ್ನು ಆವಿಯಾಗಿಸುವುದರಲ್ಲಿಯೇ 270 ಕಿಲೊಕ್ಯಾಲೊರಿ ವ್ಯಯವಾಗುತ್ತದೆ. 1980ರ ದಶಕದ ಉತ್ತರಾರ್ಧದಲ್ಲಿ ದೆಹಲಿಯ ತಿಮಾರ್‌ಪುರದಲ್ಲಿ ದಿನಕ್ಕೆ 300 ಟನ್ ಊರಕಸವನ್ನು ಸುಟ್ಟು ವಿದ್ಯುತ್ತನ್ನು ಪಡೆಯುವ ಸ್ಥಾವರವನ್ನು ಡೆನ್ಮಾರ್ಕಿನ ನೆರವಿನಿಂದ ಕಟ್ಟಿದರು. ಅಲ್ಲಿಗೆ ಬಂದ ಕಸದಲ್ಲಿ ತರಕಾರಿಯ ಸಿಪ್ಪೆಯೂ ಮಣ್ಣೂ ತುಂಬಿದ್ದು, ಅದು ತನ್ನ ಬೆಂಕಿಯನ್ನು ತಾನೇ ಉಳಿಸಿಕೊಳ್ಳಲಾರದೆ ಹೋಯಿತು. ಕೆಲವೇ ವಾರಗಳಲ್ಲಿ ಸ್ಥಾವರವು ನಿಂತಿತು. ಒದ್ದೆ ಕಸವು ಕುಲುಮೆಯನ್ನು ತಣ್ಣಗಾಗಿಸುತ್ತದೆ. ತಣ್ಣಗಾದ ಕುಲುಮೆಯು ಹೊಗೆಯುಗುಳುತ್ತದೆ. ಬೆಂಗಳೂರಿನ ಸಮೀಪದ ಬಿಡದಿಯಲ್ಲಿ ಕರ್ನಾಟಕ ವಿದ್ಯುತ್ ನಿಗಮವು ಕಟ್ಟಿಸಿರುವ 11.5 ಮೆಗಾವ್ಯಾಟ್ ಸಾಮರ್ಥ್ಯದ ಸ್ಥಾವರಕ್ಕೂ ಭೌತವಿಜ್ಞಾನದ ಈ ನಿಯಮದಿಂದ ವಿನಾಯತಿ ಇಲ್ಲ.

ಸತ್ತ ವಿಷ ಮತ್ತೆ ಹುಟ್ಟುವುದು

ಇಷ್ಟೆಲ್ಲ ಎಚ್ಚರಿಕೆಯಿಂದ ಸುಟ್ಟ ಮೇಲೂ ಒಂದು ಮೋಸ ಕಾದಿದೆ. 1976ರ ಜುಲೈ 10ರಂದು ಇಟಲಿಯ ಸೆವೆಸೊ ಎಂಬ ಊರಿನ ಬಳಿಯ ಕಾರ್ಖಾನೆಯೊಂದರಲ್ಲಿ ಅವಘಡವಾಗಿ ಡಯಾಕ್ಸಿನ್ ಎಂಬ ವಿಷವು ಊರಿನ ಮೇಲೆ ಹರಡಿತು. ಮಕ್ಕಳ ಮೈಮೇಲೆ ಕ್ಲೋರೀನ್ ಮೊಡವೆಗಳೆದ್ದುವು. ಸಾವಿರಾರು ಪ್ರಾಣಿಗಳನ್ನು ಕೊಲ್ಲಬೇಕಾಯಿತು. ಮರುವರ್ಷ, 1977ರಲ್ಲಿ, ಹಾಲೆಂಡಿನ ಕೀಸ್ ಓಲಿ ಮತ್ತು ಅವರ ಸಂಗಡಿಗರು ತಮ್ಮ ದೇಶದ ಊರಕಸದ ಕುಲುಮೆಗಳ ಹಾರುಬೂದಿಯನ್ನು ಪರೀಕ್ಷಿಸಿದಾಗ ಅಲ್ಲಿಯೂ ಡಯಾಕ್ಸಿನ್ ಕಂಡಿತು. ಕುಲುಮೆಯನ್ನು ಊರಿನ ಆರೋಗ್ಯಕ್ಕಾಗಿ ಕಟ್ಟಿದವರಿಗೆ ಇದು ಸಿಡಿಲಿನಂಥ ಸುದ್ದಿ.

ಡಯಾಕ್ಸಿನ್ ಎಂಬುದು ಒಂದು ವಸ್ತುವಲ್ಲ, ಒಂದು ಮನೆತನ. ಎರಡು ಬೆಂಜೀನ್ ಉಂಗುರಗಳನ್ನು ಎರಡು ಆಮ್ಲಜನಕ ಪರಮಾಣುಗಳು ಬೆಸೆದು, ಅಂಚಿನಲ್ಲಿ ಕ್ಲೋರೀನ್ ಪರಮಾಣುಗಳು ಕುಳಿತಿರುತ್ತವೆ. ಕುಳಿತ ಸ್ಥಾನಗಳಿಗೆ ತಕ್ಕಂತೆ 75 ಡಯಾಕ್ಸಿನ್ನುಗಳೂ, ಅವುಗಳ ದಾಯಾದಿಗಳಾದ 135 ಫ್ಯೂರಾನುಗಳೂ ಉಂಟು. ಇವುಗಳಲ್ಲಿ 17 ಮಾತ್ರ ವಿಶೇಷ ವಿಷಕಾರಿಗಳು. ಇವು ನೀರಿನಲ್ಲಿ ಕರಗದೆ ಕೊಬ್ಬಿನಲ್ಲಿ ಕರಗುತ್ತವೆ. ಹುಲ್ಲಿನ ಮೇಲೆ ಬಿದ್ದುದು ಹಸುವಿನ ಹಾಲಿಗೂ, ಹಾಲಿನಿಂದ ನಮ್ಮ ಮೈಗೂ ಬಂದು ವರ್ಷಗಟ್ಟಲೆ ನಿಲ್ಲುತ್ತದೆ.

ಈ ವಿಷವು 850 ಡಿಗ್ರಿಯ ಮೇಲೆ ಉಳಿಯಲಾರದು. ಹಾಗಾದರೆ ಬೂದಿಗೆ ಹೇಗೆ ಬಂದಿತು? ಬಹು ಕಾಲದ ಸಂಶೋಧನೆಯಿಂದ ತಿಳಿದುದೇನೆಂದರೆ, ಅದು ಜ್ವಾಲೆಯಲ್ಲಿ ಬದುಕಿ ಬರುವುದಿಲ್ಲ. ಜ್ವಾಲೆಯನ್ನು ದಾಟಿದ ಮೇಲೆ ಹುಟ್ಟುತ್ತದೆ. ಹೊಗೆಯು ತಣ್ಣಗಾಗುತ್ತ ಸುಮಾರು 450ರಿಂದ 200 ಡಿಗ್ರಿಗೆ ಇಳಿಯುವಾಗ, ಹಾರುಬೂದಿಯ ಕಣಗಳ ಮೇಲೆ ಉಳಿದ ಇಂಗಾಲ ಮತ್ತು ಕ್ಲೋರೀನುಗಳು ಸಂಧಿಸುತ್ತವೆ; ಬೂದಿಯಲ್ಲಿರುವ ತಾಮ್ರವು ವೇಗವರ್ಧಕವಾಗಿ ನಿಂತು ಆ ಸಂಬಂಧವನ್ನು ಕೂಡಿಸುತ್ತದೆ. ಮಸಣದಿಂದ ಎದ್ದುಬಂದಂತೆ ವಿಷವು ಮರುಹುಟ್ಟು ಪಡೆಯುತ್ತದೆ.

ಪರಿಹಾರವು ಕಾರಣದಲ್ಲಿಯೇ ಅಡಗಿದೆ. ಅಪಾಯದ ಮೆಟ್ಟಿಲು 450ರಿಂದ 200 ಡಿಗ್ರಿಯವರೆಗೆ ಇದ್ದರೆ, ಆ ಮೆಟ್ಟಿಲನ್ನು ಓಡಿ ಇಳಿಯಬೇಕು. ಬಿಸಿಹೊಗೆಯ ಮೇಲೆ ನೀರನ್ನು ನವಿರಾಗಿ ಸಿಂಪಡಿಸಿ ಅದನ್ನು ಕ್ಷಣಮಾತ್ರದಲ್ಲಿ 200 ಡಿಗ್ರಿಗಿಂತ ಕೆಳಕ್ಕೆ ತರುತ್ತಾರೆ. ಅಣುಗಳು ಸಂಧಿಸಿ ಬೆಸೆದುಕೊಳ್ಳಲು ಅವಕಾಶ ದೊರೆಯುವುದಿಲ್ಲ. ಆದರೆ ಇದಕ್ಕೊಂದು ಬೆಲೆ ತೆರಬೇಕು. ಹೊಗೆಯ ಶಾಖದಿಂದ ನೀರನ್ನು ಕಾಯಿಸಿ ವಿದ್ಯುತ್ತನ್ನು ಪಡೆಯಬೇಕೆನ್ನುವವರಿಗೆ ಹೊಗೆಯು ನಿಧಾನವಾಗಿ ತಣಿಯುವುದು ಲಾಭ. ಊರಿನ ಆರೋಗ್ಯಕ್ಕೆ ಅದು ಬೇಗ ತಣಿಯುವುದು ಲಾಭ. ಎಂಜಿನಿಯರನು ಈ ಎರಡರ ನಡುವೆ ದಾರಿಯನ್ನು ಹುಡುಕಬೇಕಾಗುತ್ತದೆ.

ಸುಣ್ಣ, ಇದ್ದಿಲು, ಬಟ್ಟೆ

ಈಗ ಕೆಲಸದ ಎರಡನೆಯ ಭಾಗಕ್ಕೆ ಬರೋಣ: ಒಡೆಯಲಾಗದುದನ್ನು ಹಿಡಿಯುವುದು. ಇದಕ್ಕೆ ಬೇಕಾದ ಮೂರು ಮುಖ್ಯ ಸಾಮಗ್ರಿಗಳು ನಮ್ಮ ಮನೆಗಳಿಗೆ ಹೊಸವಲ್ಲ.

ಮೊದಲನೆಯದು ಸುಣ್ಣ. ಆಮ್ಲವನ್ನು ಪ್ರತ್ಯಾಮ್ಲವು ಅಡಗಿಸುತ್ತದೆಂಬುದು ರಸಾಯನಶಾಸ್ತ್ರದ ಮೊದಲ ಪಾಠ. ಅರಳಿಸಿದ ಸುಣ್ಣದ ಪುಡಿಯನ್ನೋ ಹಾಲನ್ನೋ ಹೊಗೆಯೊಳಕ್ಕೆ ಚಿಮ್ಮಿದರೆ ಹೈಡ್ರೊಜನ್ ಕ್ಲೋರೈಡು ಅದರೊಡನೆ ಕೂಡಿ ಕ್ಯಾಲ್ಸಿಯಂ ಕ್ಲೋರೈಡ್ ಎಂಬ ಲವಣವಾಗುತ್ತದೆ. ಗಂಧಕದ ಡೈಆಕ್ಸೈಡು ಕ್ಯಾಲ್ಸಿಯಂ ಸಲ್ಫೈಟ್ ಆಗುತ್ತದೆ. 73 ಗ್ರಾಂ ಹೈಡ್ರೊಜನ್ ಕ್ಲೋರೈಡನ್ನು ಅಡಗಿಸಲು 74 ಗ್ರಾಂ ಸುಣ್ಣ ಬೇಕೆಂದು ಸಮೀಕರಣವು ಹೇಳುತ್ತದೆ. ಆದರೆ ಹೊಗೆಯು ಓಡುತ್ತಿರುವುದರಿಂದ ಸುಣ್ಣದ ಪ್ರತಿಯೊಂದು ಕಣವೂ ತನ್ನ ಪಾಲಿನ ಆಮ್ಲವನ್ನು ಸಂಧಿಸುವುದಿಲ್ಲ. ಆದುದರಿಂದ ಲೆಕ್ಕಕ್ಕಿಂತ ಹೆಚ್ಚಾಗಿಯೇ ಹಾಕುತ್ತಾರೆ. ಗಂಟೆಗೆ ಇಷ್ಟೇ ಕಸವೆಂಬ ಮಿತಿಗೆ ಎರಡನೆಯ ಕಾರಣ ಇದು: ಒಳಬರುವ ಕ್ಲೋರೀನೂ ಗಂಧಕವೂ ಸುಣ್ಣದ ಅಳವನ್ನು ಮೀರಬಾರದು. ಇಲ್ಲಿಯೇ ನಮ್ಮ ಒಗಟೂ ಬಿಡಿಸಿತು. ಸುಡದ ಮಣ್ಣು ಬೂದಿಯಾಗಿ ಉಳಿಯಿತು. ಅದರ ಮೇಲೆ ಹಾಕಿದ ಸುಣ್ಣವೂ, ಸುಣ್ಣವು ಹಿಡಿದ ಆಮ್ಲವೂ ಸೇರಿ ರಾಶಿಯು ಬೆಳೆಯಿತು. ಲವಾಸಿಯೇ ತಕ್ಕಡಿ ಸುಳ್ಳು ಹೇಳಲಿಲ್ಲ.

ಎರಡನೆಯದು ಇದ್ದಿಲು. ತೆಂಗಿನ ಚಿಪ್ಪು ಮೊದಲಾದುವುಗಳ ಇದ್ದಿಲನ್ನು ಬಿಸಿಯಾದ ನೀರಾವಿಯಿಂದ ಹದಗೊಳಿಸಿದರೆ ಅದರ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳಾಗುತ್ತವೆ. ಇಂಥ ಒಂದು ಗ್ರಾಂ ಇದ್ದಿಲಿನ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ 500ರಿಂದ 1,000 ಚದರ ಮೀಟರ್ ಆಗುವುದುಂಟು. ಹೊಗೆಯಲ್ಲಿ ಈ ಪುಡಿಯನ್ನು ತೂರಿದರೆ ಪಾದರಸದ ಆವಿ ಮತ್ತು ಡಯಾಕ್ಸಿನ್ ಅಣುಗಳು ಆ ಗೋಡೆಗಳಿಗೆ ಅಂಟಿಕೊಂಡು ಸೆರೆಯಾಗುತ್ತವೆ.

ಮೂರನೆಯದು ಬಟ್ಟೆ. ಬೂದಿ, ಸುಣ್ಣ, ಇದ್ದಿಲು ಎಲ್ಲವನ್ನೂ ಹೊತ್ತ ಹೊಗೆಯನ್ನು ಉದ್ದನೆಯ ಬಟ್ಟೆಯ ಚೀಲಗಳ ಮೂಲಕ ಹಾಯಿಸುತ್ತಾರೆ. ಕಣಗಳು ತಾವೇ ಕೆಳಗೆ ಬೀಳಲೆಂದು ಕಾಯಬಾರದೇ ಎಂದು ವಾಚಕರು ಕೇಳಬಹುದು. ನೀರಿನಷ್ಟು ಸಾಂದ್ರತೆಯುಳ್ಳ, ಒಂದು ಮೈಕ್ರಾನ್ ಅಡ್ಡಳತೆಯ ಕಣವು ನಿಶ್ಚಲವಾದ ಗಾಳಿಯಲ್ಲಿ ಗಂಟೆಗೆ ಹನ್ನೆರಡು ಸೆಂಟಿಮೀಟರಿನಷ್ಟು ಮಾತ್ರ ಇಳಿಯುತ್ತದೆಂದು ಸ್ಟೋಕ್ಸನ ನಿಯಮದಿಂದ ತಿಳಿಯುತ್ತದೆ. 30 ಮೀಟರ್ ಚಿಮಣಿಯ ತುದಿಯಿಂದ ನೆಲವನ್ನು ಮುಟ್ಟಲು ಅದಕ್ಕೆ ಹತ್ತು ದಿನ ಬೇಕು. ಅಷ್ಟರಲ್ಲಿ ಗಾಳಿಯು ಅದನ್ನು ಯಾವ ಊರಿಗೆ ಒಯ್ಯುವುದೋ! ಇಂಥ ಸಣ್ಣ ಕಣಗಳೇ ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲುವು.

ಬಟ್ಟೆಯು ಇವನ್ನು ಹಿಡಿಯುವ ರೀತಿಯಲ್ಲಿ ಒಂದು ಸ್ವಾರಸ್ಯವಿದೆ. ಚೀಲದ ಕಣ್ಣುಗಳು ಕಣಗಳಿಗಿಂತ ದೊಡ್ಡವು. ಜರಡಿಯ ನ್ಯಾಯ ಇಲ್ಲಿ ಸಲ್ಲದು. ದಪ್ಪ ಕಣಗಳು ನೂಲನ್ನು ಸುತ್ತಿ ಹರಿಯುವ ಗಾಳಿಯೊಡನೆ ತಿರುಗಲಾರದೆ ಜಡತ್ವದಿಂದ ನೇರವಾಗಿ ನುಗ್ಗಿ ನೂಲಿಗೆ ಬಡಿಯುತ್ತವೆ. ಅತಿ ಸಣ್ಣ ಕಣಗಳು ಗಾಳಿಯ ಅಣುಗಳ ಹೊಡೆತದಿಂದ ಅತ್ತಿತ್ತ ತೊನೆದಾಡುತ್ತ, ಎಂದರೆ ಬ್ರೌನ್ ಚಲನೆಯಿಂದ, ನೂಲಿಗೆ ಬಂದು ಅಂಟುತ್ತವೆ. ತಪ್ಪಿಸಿಕೊಳ್ಳುವುವು ಇವೆರಡರ ನಡುವಣವು, 0.3 ಮೈಕ್ರಾನಿನ ಆಸುಪಾಸಿನವು. ಆದರೆ ಸ್ವಲ್ಪ ಹೊತ್ತಿನಲ್ಲಿಯೇ ಚೀಲದ ಮೇಲೆ ಬೂದಿಸುಣ್ಣಗಳ ತೆಳುವಾದ ಪದರ ಕಟ್ಟುತ್ತದೆ. ಆಮೇಲೆ ನಿಜವಾದ ಶೋಧಕವು ಆ ಪದರವೇ. ಹಿಡಿದ ಕೊಳೆಯೇ ಮುಂದಿನ ಕೊಳೆಯನ್ನು ಹಿಡಿಯುತ್ತದೆ. ಅಮೆರಿಕದ ಕಾಟ್ರೆಲ್ 1908ರಲ್ಲಿ ಪೇಟೆಂಟ್ ಪಡೆದ ವಿದ್ಯುತ್ ಶೋಧಕವನ್ನೂ ಅನೇಕ ಕಡೆ ಬಳಸುತ್ತಾರೆ. ಅದರಲ್ಲಿ ಕಣಗಳಿಗೆ ವಿದ್ಯುದಾವೇಶವನ್ನು ಕೊಟ್ಟು ತಗಡುಗಳ ಕಡೆಗೆ ಸೆಳೆಯುವರು. ಆದರೆ ಅದನ್ನು 200 ಡಿಗ್ರಿಗಿಂತ ಮೇಲೆ ನಡೆಸಿದರೆ ತಗಡಿನ ಮೇಲೆ ಕುಳಿತ ಬೂದಿಯಲ್ಲಿಯೇ ಡಯಾಕ್ಸಿನ್ ಹುಟ್ಟಬಹುದು. ಒಂದು ಕೊಳೆಯನ್ನು ಹಿಡಿಯಲು ಹೋಗಿ ಇನ್ನೊಂದನ್ನು ಹೆತ್ತಂತಾಗುತ್ತದೆ.

ಸಾರಜನಕದ ಆಕ್ಸೈಡುಗಳನ್ನು ಮಾತ್ರ ಸುಣ್ಣವೂ ಇದ್ದಿಲೂ ಅಷ್ಟಾಗಿ ಮುಟ್ಟವು. ಅವುಗಳಿಗೆ ಮದ್ದು ರೈತರಿಗೆ ಪರಿಚಿತವಾದ ಯೂರಿಯ, ಅಥವಾ ಅಮೋನಿಯ. ಸುಮಾರು 850ರಿಂದ 1,050 ಡಿಗ್ರಿಯ ಹೊಗೆಯಲ್ಲಿ ಅದನ್ನು ಸಿಂಪಡಿಸಿದರೆ ಆಕ್ಸೈಡುಗಳು ಮತ್ತೆ ನಿರಪಾಯಕಾರಿಯಾದ ಸಾರಜನಕವೂ ನೀರೂ ಆಗುತ್ತವೆ. ಎಲ್ಲಕ್ಕೂ ಕೊನೆಯಲ್ಲಿ ನಿಲ್ಲುವುದು ಚಿಮಣಿ. ಅದರ ಎತ್ತರವು ಹೊಗೆಯನ್ನು ಶುದ್ಧಿಮಾಡುವುದಿಲ್ಲ, ಹರಡುತ್ತದೆ ಅಷ್ಟೆ. ಚಿಮಣಿಯನ್ನು ಎತ್ತರಿಸಿ ಕರ್ತವ್ಯ ಮುಗಿಯಿತೆನ್ನುವುದು ನೆರೆಮನೆಯ ಅಂಗಳಕ್ಕೆ ಕಸ ಗುಡಿಸಿದಂತೆ.

ಅಳೆಯದೆ ನಂಬಬಾರದು

ಇಷ್ಟು ಸಾಧನಗಳಿದ್ದರೂ ಅವು ಕೆಲಸಮಾಡುತ್ತಿವೆಯೇ ಎಂದು ತಿಳಿಯುವ ಬಗೆ ಯಾವುದು? 1990ರಲ್ಲಿ ಜರ್ಮನಿಯು ಚಿಮಣಿಯ ಒಂದು ಘನಮೀಟರ್ ಅನಿಲದಲ್ಲಿ 0.1 ನ್ಯಾನೊಗ್ರಾಮಿಗಿಂತ ಹೆಚ್ಚು ಡಯಾಕ್ಸಿನ್ ಇರಕೂಡದೆಂದು ವಿಧಿಸಿತು. 17 ವಿಷಕಾರಿಗಳ ಬಲಾಬಲವನ್ನು ಒಂದೇ ಮಾನಕ್ಕೆ ತಂದು ಕೂಡಿಸಿದ ಮೊತ್ತ ಅದು. ಯುರೋಪು 2000ದಲ್ಲಿ ಅದೇ ಮಿತಿಯನ್ನು ಸ್ವೀಕರಿಸಿತು. ಭಾರತವು 2016ರಲ್ಲಿ ಊರಕಸದ ಕುಲುಮೆಗಳಿಗೂ ಆಸ್ಪತ್ರೆ ತ್ಯಾಜ್ಯದ ಕುಲುಮೆಗಳಿಗೂ ಅದನ್ನೇ ಗೊತ್ತುಮಾಡಿತು. ನ್ಯಾನೊಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. ಈ ಮಿತಿಯ ಸೂಕ್ಷ್ಮತೆಯನ್ನು ಹೀಗೆ ಊಹಿಸಬಹುದು: ಒಂದೇ ಒಂದು ಗ್ರಾಂ ಡಯಾಕ್ಸಿನ್ನನ್ನು 10 ಘನ ಕಿಲೊಮೀಟರ್ ಗಾಳಿಯಲ್ಲಿ ಸಮನಾಗಿ ಬೆರೆಸಿದರೆ ಎಷ್ಟಾಗುವುದೋ ಅಷ್ಟು. ಜರ್ಮನಿಯ ಪರಿಸರ ಇಲಾಖೆಯ ಲೆಕ್ಕದಂತೆ ಆ ದೇಶದ ಕಸದ ಕುಲುಮೆಗಳೆಲ್ಲ ಸೇರಿ 1990ರಲ್ಲಿ 400 ಗ್ರಾಂ ಡಯಾಕ್ಸಿನ್ನನ್ನು ಹೊರಹಾಕುತ್ತಿದ್ದುವು. ಹತ್ತೇ ವರ್ಷಗಳಲ್ಲಿ ಅದು ಅರ್ಧ ಗ್ರಾಮಿಗಿಂತ ಕೆಳಕ್ಕೆ ಇಳಿಯಿತು. ವಿಜ್ಞಾನ ಬಯಸಿದರೆ, ಕಾನೂನು ಒತ್ತಾಯಿಸಿದರೆ, ಪಾವಕನು ತನ್ನ ಹೆಸರಿಗೆ ತಕ್ಕಂತೆ ನಡೆಯುವುದು ಸಾಧ್ಯವೆಂಬುದಕ್ಕೆ ಇದು ನಿದರ್ಶನ.

ಆದರೆ ಒಂದು ಕೊರತೆಯನ್ನು ಹೇಳದೆ ಬಿಡಬಾರದು. ಇಂಗಾಲದ ಮಾನಾಕ್ಸೈಡು, ಹೈಡ್ರೊಜನ್ ಕ್ಲೋರೈಡು, ಧೂಳು ಇವುಗಳನ್ನು ಚಿಮಣಿಯಲ್ಲಿಯೇ ಯಂತ್ರಗಳು ಹಗಲಿರುಳೂ ಅಳೆಯಬಲ್ಲುವು. ಡಯಾಕ್ಸಿನ್ನನ್ನು ಹಾಗೆ ಅಳೆಯುವುದು ಸುಲಭವಲ್ಲ. ಆರರಿಂದ ಎಂಟು ಗಂಟೆಗಳ ಕಾಲ ಹೊಗೆಯನ್ನು ಹೀರಿ, ಮಾದರಿಯನ್ನು ಪ್ರಯೋಗಶಾಲೆಗೆ ಒಯ್ದು, ಫಲಿತಾಂಶಕ್ಕೆ ದಿನಗಟ್ಟಲೆ ಕಾಯಬೇಕು. ಪರೀಕ್ಷೆಯ ದಿನ ಎಲ್ಲವೂ ಸರಿಯಾಗಿದ್ದು, ಕುಲುಮೆಯನ್ನು ಹೊತ್ತಿಸುವಾಗಲೋ ಆರಿಸುವಾಗಲೋ ಉಷ್ಣತೆ ಕುಸಿದು ಮಿತಿ ಮೀರಬಹುದು. ಆದುದರಿಂದ ಮಾನಾಕ್ಸೈಡನ್ನೇ ಕಾವಲುಗಾರನನ್ನಾಗಿ ಇಟ್ಟುಕೊಳ್ಳುತ್ತಾರೆ: ಅದು ಏರಿತೆಂದರೆ ದಹನವು ಅಪೂರ್ಣವಾಗಿದೆಯೆಂದು ಅರ್ಥ, ಆಗ ಕಸವನ್ನು ಹಾಕುವುದನ್ನು ನಿಲ್ಲಿಸಬೇಕು. ಪೀಥಂಪುರದ ಪರೀಕ್ಷಾ ದಹನಗಳಲ್ಲಿ ಹೊಗೆಯು ನಿಗದಿತ ಮಿತಿಯೊಳಗೇ ಇತ್ತೆಂದು ಅಧಿಕಾರಿಗಳು ನ್ಯಾಯಾಲಯಕ್ಕೆ ತಿಳಿಸಿದರು. ಇಂಥ ಅಳತೆಗಳು ಕಡತದಲ್ಲಿ ಉಳಿಯದೆ ಊರಿನವರ ಕಣ್ಣೆದುರಿಗೆ, ಅವರಿಗೆ ಅರ್ಥವಾಗುವ ಮಾತಿನಲ್ಲಿ ಇರುವುದು ಶೋಧಕದಷ್ಟೇ ಅಗತ್ಯ. ಅನುಭವದಿಂದ ಪಾಠ ಕಲಿತ ಜನರಿಗೆ 'ನಂಬಿ' ಎಂದರೆ ಸಾಲದು, 'ನೋಡಿ' ಎನ್ನಬೇಕು.

ಉಳಿದ ಬೂದಿ, ಉಳಿದ ಹೊಣೆ

ಹೊಗೆಯಿಂದ ಹಿಡಿದ ವಿಷವೆಲ್ಲ ಈಗ ಚೀಲದಿಂದ ಉದುರಿದ ಬೂದಿಯಲ್ಲಿದೆ. ಹೊಗೆಯು ಶುದ್ಧವಾದಷ್ಟೂ ಬೂದಿಯು ವಿಷಮಯ; ತಕ್ಕಡಿಯ ನ್ಯಾಯ ಅದು. ಅಂಥ ಬೂದಿಯನ್ನು ಸಿಮೆಂಟಿನಂಥವುಗಳೊಡನೆ ಗಟ್ಟಿಮಾಡಿ, ಜಿನುಗದಂತೆ ಜೇಡಿಮಣ್ಣು ಮತ್ತು ಪ್ಲಾಸ್ಟಿಕ್ಕಿನ ಪದರಗಳನ್ನು ಹಾಸಿದ ಗುಂಡಿಯಲ್ಲಿ ಹುಗಿದು, ಅಂತರ್ಜಲವನ್ನು ವರ್ಷಾನುಗಟ್ಟಲೆ ಪರೀಕ್ಷಿಸುತ್ತಿರಬೇಕು. ಪೀಥಂಪುರದ ಬೂದಿಯನ್ನು ಎಲ್ಲಿ ಹುಗಿಯಬೇಕೆಂಬ ಪ್ರಶ್ನೆಯು ಮತ್ತೆ ನ್ಯಾಯಾಲಯವನ್ನು ಏರಿದುದು ಆಶ್ಚರ್ಯವಲ್ಲ. ಭೋಪಾಲದ ಕಾರ್ಖಾನೆಯ ಸುತ್ತಣ ನೆಲದಲ್ಲಿಯೂ ಅಂತರ್ಜಲದಲ್ಲಿಯೂ ಇಳಿದಿರುವ ವಿಷವನ್ನಂತೂ ಈ ಬೆಂಕಿಯು ಮುಟ್ಟಿಯೇ ಇಲ್ಲ.

ಹೀಗಿರಲು, ಬೀದಿಯ ಮೂಲೆಯಲ್ಲಿ ನಾವು ಹೊತ್ತಿಸುವ ಕಸದ ಗುಡ್ಡೆಯನ್ನು ಮತ್ತೊಮ್ಮೆ ನೆನೆಯೋಣ. ಅದರ ಉಷ್ಣತೆ ಸಾಲದು, ಎರಡನೆಯ ಕೋಣೆಯಿಲ್ಲ, ಸುಣ್ಣವಿಲ್ಲ, ಇದ್ದಿಲಿಲ್ಲ, ಚೀಲವಿಲ್ಲ. ಪ್ಲಾಸ್ಟಿಕ್ ಸೇರಿದ ಕಸವು ಹಾಗೆ ಹೊಗೆಯಾಡುವಾಗ ಕಿಲೊಗ್ರಾಮಿಗೆ ಹುಟ್ಟುವ ಡಯಾಕ್ಸಿನ್, ಚೆನ್ನಾಗಿ ನಡೆಯುವ ಕುಲುಮೆಯದಕ್ಕಿಂತ ಎಷ್ಟೋ ಪಾಲು ಹೆಚ್ಚು. ಅದರ ಚಿಮಣಿ ನಮ್ಮ ಮೂಗಿನ ಎತ್ತರದಲ್ಲಿದೆ. 2016ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಲಿಯು ಬಯಲಿನಲ್ಲಿ ಕಸ ಸುಡುವುದನ್ನು ನಿಷೇಧಿಸಿ 5,000 ರೂಪಾಯಿ ದಂಡವನ್ನು, ದೊಡ್ಡ ಪ್ರಮಾಣದಲ್ಲಿ ಸುಡುವವರಿಗೆ 25,000 ರೂಪಾಯಿ ದಂಡವನ್ನು ವಿಧಿಸಿದುದು ಈ ಕಾರಣದಿಂದ.

ಮಾಲಿನ್ಯವನ್ನು ತಡೆಯುವ ಸಾಧನಗಳ ಸಾಲಿನಲ್ಲಿ ಮೊದಲನೆಯದು ಕುಲುಮೆಯ ಬಳಿಯಲ್ಲಿ ಇಲ್ಲವೇ ಇಲ್ಲ. ಅದು ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಇದೆ. ಸಿಪ್ಪೆಯೂ ಮುಸುರೆಯೂ ಗೊಬ್ಬರದ ಗುಂಡಿಗೆ ಹೋದರೆ ಕುಲುಮೆಯು ತಣಿಯುವುದಿಲ್ಲ. ಬ್ಯಾಟರಿಯನ್ನು ಬೇರೆಯಿಟ್ಟರೆ ಸೀಸ, ಕ್ಯಾಡ್ಮಿಯಂಗಳು ಹೊಗೆಯನ್ನು ಏರುವುದಿಲ್ಲ. ಪಿ.ವಿ.ಸಿ. ಬೆಂಕಿಗೆ ಬೀಳದಿದ್ದರೆ ಕ್ಲೋರೀನಿಗಾಗಿ ಸುಣ್ಣವನ್ನು ಸುರಿಯಬೇಕಾಗಿಲ್ಲ. ಒಳಗೆ ಹೋಗದ ಮೂಲವಸ್ತುವು ಹೊರಗೆ ಬರಲಾರದು. ಭೋಪಾಲದ 337 ಟನ್ ತ್ಯಾಜ್ಯವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿ ಸುಡಲು ಒಂದು ದೇಶಕ್ಕೆ ನಲವತ್ತು ವರ್ಷಗಳು ಬೇಕಾದುವು. ಅದರ ಬೂದಿಯನ್ನು ಕಾಯಲು ಇನ್ನೆಷ್ಟು ವರ್ಷಗಳು ಬೇಕೋ. ಈ ಲೇಖನವನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಕೆಲವರು ನಾಳೆ ಇಂಥ ಕುಲುಮೆಗಳನ್ನು ಕಟ್ಟುವರು, ಕೆಲವರು ಅವುಗಳ ಅಳತೆಗಳಿಗೆ ಸಹಿ ಹಾಕುವರು, ಉಳಿದವರೆಲ್ಲ ಅವುಗಳ ಗಾಳಿ ಬೀಸುವ ದಿಕ್ಕಿನಲ್ಲಿ ವಾಸಮಾಡುವರು. ಯಾರೇ ಆಗಲಿ, 'ಸುಟ್ಟುಹೋಯಿತು' ಎಂಬ ಮಾತನ್ನು ಕೇಳಿದಾಗ, ಎಲ್ಲಿಗೆ ಹೋಯಿತೆಂದು ಕೇಳುವ ಅಭ್ಯಾಸವನ್ನು ಬಿಡದಿರಲಿ.